ನರಮೇಧ ಅಂದರೆ ಕೊಂದವರು ಕಾಣುವುದಿಲ್ಲ

ರಸ್ತೆ ಅಗಲ ಮಾಡಲು ಸಾಲುಮರ ಕಡಿದರೆ ನಮ್ಮ ಪತ್ರಿಕೆಗಳಲ್ಲಿ ಅದು ‘ಮರಗಳ ಮಾರಣಹೋಮ’. ಹಕ್ಕಿಜ್ವರ ಬಂದು ಫಾರಂ ಕೋಳಿಗಳನ್ನು ಕೊಂದು ಹೂತರೆ ಅದು ಕೋಳಿಗಳ ಮಾರಣಹೋಮ. 1994ರಲ್ಲಿ ರುವಾಂಡದಲ್ಲಿ ಸುಮಾರು 100 ದಿನಗಳೊಳಗೆ, ವಿಶ್ವಸಂಸ್ಥೆಯ ಅಂದಾಜಿನಂತೆ 8 ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದರಲ್ಲ, ಅದೂ ಮಾರಣಹೋಮವೇ. ಒಂದೇ ಪದ ಎರಡು ಸಲ ಬಂತು ಅನಿಸಿದ ಉಪಸಂಪಾದಕರಿಗೆ ‘ನರಮೇಧ’ ಇದ್ದೇ ಇದೆ.

ಎರಡೂ ಯಜ್ಞಶಾಲೆಯಿಂದ ಬಂದ ಪದಗಳು. ಹೋಮದಲ್ಲಿ ಅಗ್ನಿ ಇದೆ, ಹವಿಸ್ಸು ಇದೆ, ಕೊನೆಗೊಂದು ಫಲ ಇದೆ. ಮೇಧದಲ್ಲಿ ಬಲಿ ಇದೆ. ಯಜಮಾನ ಇದ್ದಾನೆ, ಋತ್ವಿಜರಿದ್ದಾರೆ. ಇಲ್ಲದವನು ಒಬ್ಬನೇ, ಕೊಲೆಗಾರ. ಯಜ್ಞದಲ್ಲಿ ಸತ್ತದ್ದಕ್ಕೆ ಯಾರ ಮೇಲೂ ಕೇಸು ಬೀಳುವುದಿಲ್ಲ.

ಭಾಷಾಶಾಸ್ತ್ರ ಓದಿದವಳ ಚಟ ಇದು, ಪದ ಹಿಡಿದು ಎಳೆದಾಡುತ್ತಾಳೆ ಎಂದು ಕೆಲವರು ಅಂದುಕೊಳ್ಳಬಹುದು. ಅಂದುಕೊಳ್ಳಲಿ. ಇಂಥ ಹತ್ಯೆಗಳ ಬಗ್ಗೆ ನಾವು ಶಾಲೆಯಲ್ಲಿ, ಕಾಲೇಜಿನಲ್ಲಿ, ಸಂಘಸಂಸ್ಥೆಗಳಲ್ಲಿ ಪಾಠ ಮಾಡುವ ರೀತಿಯೇ ತಪ್ಪು, ಆ ತಪ್ಪು ಈ ಪದದಿಂದಲೇ ಶುರುವಾಗುತ್ತದೆ ಎಂಬುದು ನನ್ನ ವಾದ. ಕೊಂದವರು ಯಾರು, ಯಾವ ಕಾಗದ ಹಿಡಿದು ಕೊಂದರು, ಕೊಲ್ಲುವ ಮೊದಲು ಏನೇನು ಮಾತಾಡಿದರು ಎಂಬುದನ್ನು ಬಿಟ್ಟು, ಸತ್ತವರ ಲೆಕ್ಕ ಮತ್ತು ನಮ್ಮ ಕಣ್ಣೀರನ್ನು ಮಾತ್ರ ಕಲಿಸುತ್ತಿದ್ದೇವೆ.

ಈ ತೊಂದರೆ ಕನ್ನಡಕ್ಕೆ ಮಾತ್ರ ಬಂದದ್ದಲ್ಲ. ‘ಹೊಲೊಕಾಸ್ಟ್’ ಎಂಬ ಪದದ ಗ್ರೀಕ್ ಮೂಲಕ್ಕೂ ಪೂರ್ತಿ ಸುಟ್ಟು ದೇವರಿಗೆ ಅರ್ಪಿಸಿದ ಬಲಿ ಎಂದೇ ಅರ್ಥ. ನಾಜಿಗಳು ಕೊಂದ 60 ಲಕ್ಷ ಯೆಹೂದ್ಯರನ್ನು ಯಾರು ಯಾವ ದೇವರಿಗೆ ಅರ್ಪಿಸಿದರು ಎಂದು ಕೇಳಿದ ಅನೇಕ ಯೆಹೂದ್ಯರು ಆ ಪದ ಬಿಟ್ಟು ‘ಶೋಆ’ ಎನ್ನುತ್ತಾರೆ. ಹೀಬ್ರೂವಿನಲ್ಲಿ ಅದಕ್ಕೆ ಮಹಾವಿಪತ್ತು ಎಂಬ ಅರ್ಥ, ಬಲಿಯ ಸೋಂಕಿಲ್ಲ. ರುವಾಂಡದವರೂ ತಮ್ಮ ಭಾಷೆಯಾದ ಕಿನ್ಯರುವಾಂಡದಲ್ಲಿ ಮೊದಲು ‘ಇಟ್ಸೆಂಬಬ್ವೊಕೊ’ ಎಂಬ ಪದ ಬಳಸುತ್ತಿದ್ದರು. ಆಮೇಲೆ ‘ಜೆನೊಸಿದೆ’ ಎಂದು ಹೊರಗಿನ ಪದವನ್ನೇ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಅಧಿಕೃತ ಮಾಡಿದರು. ಅದು ಕಾನೂನಿನ ಪದ, ನ್ಯಾಯಾಲಯದಲ್ಲಿ ನಿಲ್ಲುವ ಪದ.

ಆ ಪದವನ್ನು ಹುಟ್ಟಿಸಿದವನೂ ಭಾಷೆ ಓದಿದವನೇ. ಪೋಲೆಂಡಿನ ಯೆಹೂದಿ ರಫಾಯೆಲ್ ಲೆಮ್‌ಕಿನ್ ವಕೀಲನಾಗುವ ಮೊದಲು ಭಾಷಾಶಾಸ್ತ್ರ ಕಲಿತಿದ್ದ. ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಅವನು 1944ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಕುಲ ಎಂಬರ್ಥದ ಗ್ರೀಕಿನ ‘ಗೆನೊಸ್’ಗೆ ಕೊಲ್ಲು ಎಂಬರ್ಥದ ಲ್ಯಾಟಿನ್ ಧಾತುವನ್ನು ಸೇರಿಸಿ ‘ಜೆನೊಸೈಡ್’ ಮಾಡಿದ. ಅವನ ಬಂಧುಗಳಲ್ಲಿ 49 ಮಂದಿ ನಾಜಿಗಳ ಕೈಯಲ್ಲಿ ಸತ್ತರು. ಅವನಿಗೆ ಬೇಕಾಗಿದ್ದದ್ದು ಶೋಕದ ಪದವಲ್ಲ, ಆರೋಪಪಟ್ಟಿಯಲ್ಲಿ ಬರೆಯಬಹುದಾದ ಪದ.

1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಒಪ್ಪಿದ ಒಡಂಬಡಿಕೆಯಲ್ಲಿ ಆ ಪದಕ್ಕೆ ವ್ಯಾಖ್ಯೆ ಸಿಕ್ಕಿತು. ಒಂದು ರಾಷ್ಟ್ರೀಯ, ಬುಡಕಟ್ಟಿನ, ಜನಾಂಗದ ಅಥವಾ ಧಾರ್ಮಿಕ ಗುಂಪನ್ನು, ಅದು ಆ ಗುಂಪು ಎಂಬ ಕಾರಣಕ್ಕೇ, ಪೂರ್ತಿಯಾಗಿಯೋ ಭಾಗಶಃವೋ ನಾಶ ಮಾಡುವ ಉದ್ದೇಶದಿಂದ ಮಾಡುವ ಐದು ಕೃತ್ಯಗಳು: ಕೊಲ್ಲುವುದು, ದೇಹಕ್ಕೆ ಮನಸ್ಸಿಗೆ ಗಂಭೀರ ಹಾನಿ ಮಾಡುವುದು, ಬದುಕಲಾಗದ ಸ್ಥಿತಿಗೆ ಬೇಕೆಂದೇ ತಳ್ಳುವುದು, ಮಕ್ಕಳು ಹುಟ್ಟದಂತೆ ತಡೆಯುವುದು, ಹುಟ್ಟಿದ ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಒಯ್ಯುವುದು. ಐದರಲ್ಲಿ ನಾಲ್ಕಕ್ಕೆ ರಕ್ತದ ಮಡುವೇ ಬೇಕಿಲ್ಲ ಎಂಬುದನ್ನು ಗಮನಿಸಿ. ‘ನರಮೇಧ’ ಎಂದ ಕೂಡಲೇ ಈ ನಾಲ್ಕೂ ಮಾಯವಾಗಿ ಹೆಣದ ರಾಶಿಯೊಂದೇ ಉಳಿಯುತ್ತದೆ.

ಈಗ ನಮ್ಮ ತರಗತಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆ ಮಾನವ ಹಕ್ಕುಗಳ ಬಗ್ಗೆ ಶಿಕ್ಷಕರಿಗಾಗಿ ಮಾಡಿದ ಕೈಪಿಡಿಯೊಂದನ್ನು ಅನುವಾದಕ್ಕೆ ಕಳಿಸಿತ್ತು. ಈ ವಿಷಯಕ್ಕೆ ಅದರಲ್ಲಿ ಒಂದು ಪುಟ. ಎರಡು ಅಂಕಿ, ಒಂದು ಫೋಟೊ, ದ್ವೇಷ ಕೆಟ್ಟದ್ದು ಎಂಬ ನೀತಿ, ಕೊನೆಗೆ ಮಕ್ಕಳಿಗೊಂದು ಚಟುವಟಿಕೆ: ಪಾರಿವಾಳದ ಚಿತ್ರ ಬರೆದು ಬಣ್ಣ ತುಂಬಿ. ಇದನ್ನು ಕಲಿತ ಮಗು ಪರೀಕ್ಷೆಯಲ್ಲಿ ಉತ್ತರ ಬರೆದೀತು. ನಾಳೆ ಯಾರಾದರೂ ಮನೆಮನೆಗೆ ಬಂದು ಒಂದು ಗುಂಪಿನವರ ಹೆಸರು ಮಾತ್ರ ಬರೆದುಕೊಂಡು ಹೋದರೆ ಅದಕ್ಕೆ ಏನಾದರೂ ಹೊಳೆದೀತೆ? ನನಗೆ ನಂಬಿಕೆ ಇಲ್ಲ.

ವಿದ್ಯೆ ಬಂದರೆ ದ್ವೇಷ ಹೋಗುತ್ತದೆ ಎಂಬುದು ಇಂಥ ಕೈಪಿಡಿಗಳ ಮೂಲ ನಂಬಿಕೆ. 1942ರ ಜನವರಿ 20ರಂದು ಬರ್ಲಿನ್ ಹತ್ತಿರದ ವಾನ್‌ಸೀಯಲ್ಲಿ ಯೆಹೂದ್ಯರ ನಾಶದ ಆಡಳಿತ ವ್ಯವಸ್ಥೆ ಮಾತಾಡಲು ಕೂತ 15 ಜನರಲ್ಲಿ 8 ಮಂದಿ ಡಾಕ್ಟರೇಟ್ ಪಡೆದವರು. ಆ ಸಭೆಯ ನಡಾವಳಿಯಲ್ಲಿ ಕೊಲ್ಲುವುದಕ್ಕೆ ಬಳಸಿದ ಮಾತು ‘ಪೂರ್ವಕ್ಕೆ ಸ್ಥಳಾಂತರ’. ರುವಾಂಡದ ದ್ವೇಷದ ರೇಡಿಯೊ ಆರ್‌ಟಿಎಲ್‌ಎಂ ಸ್ಥಾಪಕರಲ್ಲಿ ಒಬ್ಬನಾದ ಫರ್ಡಿನಾಂಡ್ ನಾಹಿಮಾನ ಇತಿಹಾಸದ ಪ್ರಾಧ್ಯಾಪಕ. ಈ ಅಪರಾಧಕ್ಕಾಗಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು ಮೊಟ್ಟಮೊದಲು ಶಿಕ್ಷೆ ಕೊಟ್ಟ ಮನುಷ್ಯ ಜಾನ್-ಪಾಲ್ ಅಕಾಯೆಸು, ಒಬ್ಬ ಮೇಷ್ಟ್ರು.

ಅಕಾಯೆಸುವಿನ ಪ್ರಕರಣವನ್ನು ಪ್ರತಿ ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡಬೇಕು. ಶಿಕ್ಷಕನಾಗಿದ್ದ, ಶಾಲಾ ಇನ್‌ಸ್ಪೆಕ್ಟರ್ ಆದ, 1993ರಲ್ಲಿ ಟಾಬಾ ಎಂಬ ಪ್ರದೇಶದ ಮೇಯರ್ ಆದ. 1994ರ ಏಪ್ರಿಲ್‌ನಲ್ಲಿ ಕೊಲೆ ಶುರುವಾದಾಗ ಮೊದಲ ಹತ್ತು ಹನ್ನೊಂದು ದಿನ ತನ್ನ ಊರಲ್ಲಿ ಅದನ್ನು ತಡೆಯಲು ನೋಡಿದ ಎಂದು ತೀರ್ಪೇ ಒಪ್ಪುತ್ತದೆ. ಏಪ್ರಿಲ್ 18ರಂದು ಸರ್ಕಾರದ ಮೇಲಿನವರು ಮೇಯರುಗಳ ಸಭೆ ಕರೆದರು. ಮಾರನೇ ದಿನ ಅವನು ಬದಲಾಗಿದ್ದ. ಜನರ ಮುಂದೆ ನಿಂತು, ಒಬ್ಬನೇ ಶತ್ರು, ಇನ್ಕೊಟಾನ್ಯಿಗಳ ಜೊತೆಗಾರ, ಅವನನ್ನು ಮುಗಿಸಲು ಒಂದಾಗಬೇಕು ಎಂಬರ್ಥದ ಭಾಷಣ ಮಾಡಿದ. ಟುಟ್ಸಿಗಳನ್ನು ಕೊಲ್ಲಿ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಹಾಗಾದರೆ ಅಪರಾಧ ಎಲ್ಲಿದೆ?

ತಾಂಜಾನಿಯಾದ ಅರುಷಾದಲ್ಲಿ ಕೂತ ನ್ಯಾಯಮಂಡಳಿ ಇದಕ್ಕೆ ಉತ್ತರ ಹುಡುಕಲು ಒಬ್ಬ ಭಾಷಾಶಾಸ್ತ್ರಜ್ಞನನ್ನು ಸಾಕ್ಷಿಯಾಗಿ ಕರೆಸಿತು. ರುವಾಂಡ ವಿಶ್ವವಿದ್ಯಾಲಯದ ಮಥಾಯಸ್ ರುಜಿಂದಾನ ಒಂದೊಂದೇ ಪದವನ್ನು ಬಿಡಿಸಿ ಹೇಳಿದರು. ‘ಇನ್ಕೊಟಾನ್ಯಿ’ ಹಿಂದೆ ರಾಜನ ಕಾಲದ ಯೋಧರ ಹೆಸರು, ಆಮೇಲೆ ಟುಟ್ಸಿ ನೇತೃತ್ವದ ಬಂಡುಕೋರ ಪಡೆಯ ಹೆಸರು, ಯುದ್ಧ ಬೆಳೆದಂತೆ ಟುಟ್ಸಿ ಎಂಬುದಕ್ಕೇ ಇನ್ನೊಂದು ಹೆಸರು. ‘ಇನ್ಯೆಂಜಿ’ ಅಂದರೆ ಜಿರಳೆ. ‘ಇಬ್ಯಿಟ್ಸೊ’ ಅಂದರೆ ಜೊತೆಗಾರರು, ಶತ್ರುವಿನ ಒಳಸಂಚಿನಲ್ಲಿ ಇರುವವರು. ಯಾವ ವರ್ಷ, ಯಾರ ಮುಂದೆ, ಯಾರ ಬಾಯಲ್ಲಿ ಬಂತು ಎಂಬುದರ ಮೇಲೆ ಅರ್ಥ ನಿಂತಿತ್ತು. 1998ರ ಸೆಪ್ಟೆಂಬರ್ 2ರಂದು ತೀರ್ಪು ಬಂತು. ಆ ಭಾಷಣ ಕೇಳಿದವರಿಗೆ ಅದು ಟುಟ್ಸಿಗಳನ್ನು ಕೊಲ್ಲಲು ಕೊಟ್ಟ ಕರೆ ಎಂದೇ ತಿಳಿಯಿತು, ಹೀಗೆ ತಿಳಿಯುತ್ತದೆ ಎಂದು ಅವನಿಗೂ ಗೊತ್ತಿತ್ತು ಎಂದಿತು ನ್ಯಾಯಮಂಡಳಿ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಅದೇ ವಿಚಾರಣೆಯಲ್ಲಿ ಇನ್ನೊಂದು ಪಾಠವೂ ಇದೆ. ಅತ್ಯಾಚಾರವೂ ಈ ಅಪರಾಧದ ಭಾಗವಾಗಬಹುದು ಎಂದು ಮೊದಲು ಹೇಳಿದ್ದು ಆ ತೀರ್ಪು. ಅಲ್ಲಿಗೆ ತಲುಪಲು ನ್ಯಾಯಾಧೀಶರು ಕಿನ್ಯರುವಾಂಡದ ನಾಲ್ಕು ಮಾತುಗಳ ಅರ್ಥ ಬಿಡಿಸಬೇಕಾಯಿತು. ಹೆಂಗಸರು ಹೇಳಿದ್ದರಲ್ಲಿ ಒಂದು ಮಾತಿಗೆ ನೇರ ಅರ್ಥ ‘ಜೊತೆಗೆ ಮಲಗುವುದು’, ಇನ್ನೊಂದಕ್ಕೆ ‘ಬಲದಿಂದ ಹಿಡಿಯುವುದು’. ‘ಮಾನಭಂಗ’, ‘ಕೆಡಿಸಿದ’, ‘ಮರ್ಯಾದೆ ತೆಗೆದ’ ಎಂಬ ಮಾತುಗಳಲ್ಲಿ ಅಪರಾಧವನ್ನು ಅಡಗಿಸಿಟ್ಟ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಕ್ಷಿ ಹೇಳಿದ ಮಾತನ್ನು ತಿಳಿಯದ ನ್ಯಾಯಾಲಯ ನ್ಯಾಯ ಕೊಡಲಾರದು.

ಮಾತಿನ ಜೊತೆಗೆ ಕಾಗದ. ಬೆಲ್ಜಿಯಂನವರು 1930ರ ದಶಕದಲ್ಲಿ ರುವಾಂಡದ ಗುರುತಿನ ಚೀಟಿಯಲ್ಲಿ ಹುಟು, ಟುಟ್ಸಿ, ಟ್ವಾ ಎಂದು ಬರೆಯುವ ಪದ್ಧತಿ ತಂದರು. ಮೂರೂ ಗುಂಪಿನವರ ಭಾಷೆ ಒಂದೇ. ಸ್ವಾತಂತ್ರ್ಯ ಬಂದ ಮೇಲೂ ಆ ಚೀಟಿ ಉಳಿಯಿತು. ಶಾಲೆಯಲ್ಲಿ ಮೇಷ್ಟ್ರು ‘ಟುಟ್ಸಿಗಳು ಎದ್ದು ನಿಲ್ಲಿ’ ಎಂದು ಲೆಕ್ಕ ಮಾಡುತ್ತಿದ್ದುದನ್ನು ಬದುಕಿ ಉಳಿದ ಅನೇಕರು ಹೇಳಿದ್ದಾರೆ. 1994ರಲ್ಲಿ ರಸ್ತೆ ತಡೆಗಳಲ್ಲಿ ಕತ್ತಿ ಹಿಡಿದು ನಿಂತವರು ಕೇಳಿದ್ದು ಅದೇ ಚೀಟಿಯನ್ನು. ಕೊಲ್ಲುವುದಕ್ಕೆ ಅವರಿಟ್ಟ ಹೆಸರು ‘ಕೆಲಸ’. ಕೆಲಸಕ್ಕೆ ಹೋಗಿ ಎಂದು ರೇಡಿಯೊ ಹೇಳುತ್ತಿತ್ತು. ಜಿರಳೆ ಎಂಬ ಪದ, ಎದ್ದು ನಿಲ್ಲಿಸಿದ ತರಗತಿ, ಚೀಟಿಯ ಮೇಲಿನ ಒಂದು ಸಾಲು, ಕೆಲಸ ಎಂಬ ಹುಸಿಹೆಸರು. ಕಲಿಸಬೇಕಾದದ್ದು ಇವನ್ನು. ಇವು ಕಣ್ಣಿಗೆ ಬೀಳುವಾಗ ಇನ್ನೂ ಯಾರೂ ಸತ್ತಿರುವುದಿಲ್ಲ.

ಮಕ್ಕಳಿಗೆ ಇಷ್ಟು ಕ್ರೌರ್ಯ ಹೇಳಬೇಕೆ ಎಂದು ಕೇಳುವವರಿಗೆ ಜನಮೇಜಯನ ಸರ್ಪಯಾಗ ನೆನಪಿಸುತ್ತೇನೆ. ಪರೀಕ್ಷಿತನನ್ನು ಕಚ್ಚಿದ್ದು ತಕ್ಷಕ ಒಬ್ಬ. ಮಗ ಜನಮೇಜಯ ಇಡೀ ನಾಗಕುಲವನ್ನೇ ಸುಡಲು ಹೊರಟ. ಋತ್ವಿಜರು ಹೆಸರು ಹಿಡಿದು ಕರೆದ ಹಾಗೆಲ್ಲ ಹಾವುಗಳು ಬಂದು ಬೆಂಕಿಗೆ ಬಿದ್ದವು. ಒಬ್ಬನ ತಪ್ಪಿಗೆ ಕುಲಕ್ಕೆಲ್ಲ ಶಿಕ್ಷೆ, ಹೆಸರುಗಳ ಪಟ್ಟಿ, ಅದಕ್ಕೊಂದು ಪವಿತ್ರ ಹೆಸರು, ಕೈಗೆ ರಕ್ತ ಅಂಟದ ವ್ಯವಸ್ಥೆ. ಕೊನೆಗೆ ಅದನ್ನು ನಿಲ್ಲಿಸಿದ್ದು ಋಷಿ ತಂದೆಗೂ ನಾಗಕನ್ಯೆ ತಾಯಿಗೂ ಹುಟ್ಟಿದ ಆಸ್ತೀಕ. ನಮ್ಮ ಅಜ್ಜಿಯರು ಇದನ್ನು ಐದು ವರ್ಷದ ಮಕ್ಕಳಿಗೆ ಊಟ ಮಾಡಿಸುತ್ತ ಹೇಳಿದ್ದಾರೆ. ಮಕ್ಕಳು ಕೆಟ್ಟುಹೋಗಲಿಲ್ಲ. ತಕ್ಷಕ ಕಚ್ಚಿದರೆ ಬೇರೆ ಹಾವುಗಳು ಏನು ಮಾಡಿದ್ದವು ಎಂದು ಕೇಳಿದರು. ಸರಿಯಾದ ಪ್ರಶ್ನೆ ಅದು. ಹದಿನಾಲ್ಕು ವರ್ಷದ ಹುಡುಗಿಗೆ ಹೆಣದ ಫೋಟೊ ತೋರಿಸಬೇಡಿ, ನಾನೂ ಒಪ್ಪುತ್ತೇನೆ. ಗುರುತಿನ ಚೀಟಿ ತೋರಿಸಿ.

ಇದೆಲ್ಲ ರಾಜಕೀಯ, ಶಾಲೆಗೆ ಬೇಡ ಎಂಬುದು ಇನ್ನೊಂದು ತಕರಾರು. ಮೇಷ್ಟ್ರುಗಳ ಭಯ ನನಗೆ ಅರ್ಥವಾಗುತ್ತದೆ. ಒಂದು ದೂರು ಹೋದರೆ ಅವರ ಪರ ನಿಲ್ಲುವವರು ಯಾರೂ ಇರುವುದಿಲ್ಲ. ಅದಕ್ಕೇ ರುವಾಂಡದಿಂದ ಶುರು ಮಾಡಿ ಎನ್ನುತ್ತೇನೆ. ಅಲ್ಲಿ ವಿಚಾರಣೆ ನಡೆದಿದೆ, ತೀರ್ಪು ಬಂದಿದೆ, ಅಲ್ಲಗಳೆಯಲಾಗದ ದಾಖಲೆ ಇದೆ. ಆದರೆ ಅಲ್ಲಿಗೇ ಮುಗಿಸುವುದು ಅಪ್ರಾಮಾಣಿಕತೆ. ಕ್ರೌರ್ಯ ಎಂದರೆ ಆಫ್ರಿಕದ್ದು, ಜರ್ಮನಿಯದು ಎಂದು ಕಲಿತ ವಿದ್ಯಾರ್ಥಿಗೆ ನಾವು ಕಲಿಸಿದ್ದು ಭೂಗೋಳ ಮಾತ್ರ.

ದೆಹಲಿಯಲ್ಲಿರುವ ಓದುಗರಿಗೆ 1984ರ ನವೆಂಬರ್ ಬಗ್ಗೆ ನಾನು ಹೇಳಬೇಕಿಲ್ಲ. ಅಧಿಕೃತ ಲೆಕ್ಕದಲ್ಲೇ ದೆಹಲಿಯೊಂದರಲ್ಲೇ 2,733 ಸಿಖ್ಖರು ಸತ್ತರು. ಮತದಾರರ ಪಟ್ಟಿ ಹಿಡಿದು ಮನೆ ಗುರುತಿಸಿದ್ದು ವರದಿಗಳಲ್ಲಿ ದಾಖಲಾಗಿದೆ. ಇಷ್ಟಾದರೂ ಕನ್ನಡದಲ್ಲಿ ಅದಕ್ಕೆ ಉಳಿದ ಹೆಸರು ‘ಸಿಖ್ ವಿರೋಧಿ ಗಲಭೆ’. ಗಲಭೆಗೆ ಎರಡು ಕಡೆ ಬೇಕು. ಮನೆಯಿಂದ ಎಳೆದು ತಂದು ಟೈರು ಹಾಕಿ ಸುಟ್ಟದ್ದರಲ್ಲಿ ಎರಡನೇ ಕಡೆ ಯಾವುದು?

2018ರ ಡಿಸೆಂಬರ್ 17ರಂದು ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟ ದೆಹಲಿ ಹೈಕೋರ್ಟ್, ನಮ್ಮ ಅಪರಾಧ ಕಾನೂನಿನಲ್ಲಿ ಜನಾಂಗಹತ್ಯೆಯಾಗಲಿ ಮಾನವತೆಯ ವಿರುದ್ಧದ ಅಪರಾಧವಾಗಲಿ ಇಲ್ಲವೇ ಇಲ್ಲ, ಈ ಕೊರತೆಯನ್ನು ತುರ್ತಾಗಿ ತುಂಬಬೇಕು ಎಂದಿತು. ಆ ತೀರ್ಪು ಮುಂಬಯಿ 1993, ಗುಜರಾತ್ 2002, ಕಂಧಮಾಲ್ 2008, ಮುಜಫ್ಫರ್‌ನಗರ 2013ರ ಸಾಮೂಹಿಕ ಹತ್ಯೆಗಳನ್ನೂ ಹೆಸರಿಸಿತು. ಇವು ಒಂದೊಂದೂ ಒಡಂಬಡಿಕೆಯ ವ್ಯಾಖ್ಯೆಗೆ ಹೊಂದುತ್ತವೆಯೇ ಇಲ್ಲವೇ ಎಂಬುದು ಸಾಕ್ಷ್ಯ ನೋಡಿ ತೀರ್ಮಾನಿಸುವ ವಿಷಯ. ತೀರ್ಮಾನಿಸಲು ನಮ್ಮಲ್ಲಿ ಕಲಮೇ ಇಲ್ಲ ಎಂಬುದು ನನ್ನ ದೂರು.

ನಾಚಿಕೆಯ ವಿಷಯವೆಂದರೆ, 1946ರಲ್ಲಿ ಇದನ್ನು ಅಪರಾಧವೆಂದು ಸಾರಬೇಕು ಎಂದು ವಿಶ್ವಸಂಸ್ಥೆಯ ಮುಂದೆ ಇಟ್ಟ ಮೂರು ದೇಶಗಳು ಕ್ಯೂಬಾ, ಪನಾಮಾ ಮತ್ತು ಭಾರತ. ಒಡಂಬಡಿಕೆಗೆ ಭಾರತ 1949ರಲ್ಲಿ ಸಹಿ ಹಾಕಿತು, 1959ರಲ್ಲಿ ಅನುಮೋದಿಸಿತು. ಅದರ ಐದನೇ ವಿಧಿ ಪ್ರತಿ ದೇಶವೂ ಇದಕ್ಕೆ ತನ್ನದೇ ಕಾನೂನು ಮಾಡಬೇಕು ಎನ್ನುತ್ತದೆ. ಮಾಡಲಿಲ್ಲ. ಬ್ರಿಟಿಷರ ದಂಡಸಂಹಿತೆಯನ್ನು ಕಳಚಿ ಎಸೆದೆವು ಎಂದು 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತಲ್ಲ, ಅದರಲ್ಲೂ ಈ ಅಪರಾಧದ ಹೆಸರಿಲ್ಲ. ಪಕ್ಷಗಳು ಬಂದವು, ಹೋದವು. ಈ ಒಂದು ವಿಷಯದಲ್ಲಿ ಎಲ್ಲರಿಗೂ ಒಮ್ಮತ.

ಇನ್ನೊಂದು ಕಡೆಯ ಅಪಾಯವನ್ನೂ ಹೇಳಿಬಿಡಬೇಕು. ಈಗ ವಾಟ್ಸ್‌ಆ್ಯಪ್‌ನಲ್ಲಿ ಪ್ರತಿ ಗುಂಪೂ ತನ್ನ ಮೇಲೆ ನರಮೇಧ ನಡೆಯುತ್ತಿದೆ ಎನ್ನುತ್ತದೆ. ರುವಾಂಡದ ಕೊಲೆಗಾರರೂ ಹಾಗೇ ಹೇಳುತ್ತಿದ್ದರು, ಟುಟ್ಸಿಗಳು ನಮ್ಮನ್ನು ಮುಗಿಸುವ ಮೊದಲು ನಾವೇ ಮುಗಿಸೋಣ ಎಂದು. ಪದವನ್ನು ಸಿಕ್ಕಸಿಕ್ಕಲ್ಲಿ ಎಸೆಯುವುದು ಒಂದು ಮೋಸವಾದರೆ, ಬೇಕಾದಾಗ ನುಂಗಿಕೊಳ್ಳುವುದು ಇನ್ನೊಂದು. 1994ರ ಜೂನ್‌ನಲ್ಲಿ ರುವಾಂಡದಲ್ಲಿ ಹೆಣಗಳು ಬೀಳುತ್ತಿರುವಾಗ ಅಮೆರಿಕದ ವಿದೇಶಾಂಗ ಇಲಾಖೆಯ ವಕ್ತಾರರು ‘ಜೆನೊಸೈಡ್’ ಎನ್ನದೆ ‘ಜೆನೊಸೈಡಿನ ಕೃತ್ಯಗಳು’ ಎಂದರು. ಅಂಥ ಎಷ್ಟು ಕೃತ್ಯ ಸೇರಿದರೆ ಒಂದು ಜೆನೊಸೈಡ್ ಆಗುತ್ತದೆ ಎಂದು ಪತ್ರಕರ್ತರೊಬ್ಬರು ಕೇಳಿದರು. ಉತ್ತರ ಬರಲಿಲ್ಲ. ಎರಡೂ ಮೋಸಕ್ಕೆ ಮದ್ದು ಒಂದೇ, ವ್ಯಾಖ್ಯೆ ಕಲಿಸುವುದು. ಯಾವ ಗುಂಪು? ಯಾವ ಕೃತ್ಯ? ಉದ್ದೇಶಕ್ಕೆ ಸಾಕ್ಷ್ಯ ಏನು? ಈ ಮೂರು ಪ್ರಶ್ನೆ ಕೇಳಲು ಬರುವ ವಿದ್ಯಾರ್ಥಿಯನ್ನು ಫಾರ್ವರ್ಡ್ ಸಂದೇಶ ಅಷ್ಟು ಸುಲಭವಾಗಿ ಎಳೆದೊಯ್ಯುವುದಿಲ್ಲ.

ಹಾಗಾದರೆ ಕನ್ನಡದಲ್ಲಿ ಏನೆನ್ನೋಣ? ‘ನಿರ್ಮೂಲನ’ ಬೇಡ. ಪೋಲಿಯೊ ನಿರ್ಮೂಲನ, ಮಲೇರಿಯಾ ನಿರ್ಮೂಲನ ಎನ್ನುವ ಭಾಷೆಯಲ್ಲಿ ಅದನ್ನು ಬಳಸಿದರೆ ಕೊಲ್ಲಿಸಿಕೊಂಡವರೇ ರೋಗ ಆಗಿಬಿಡುತ್ತಾರೆ. ಕೊಲ್ಲುವವರೂ ಹೇಳುವುದು ಅದನ್ನೇ. ನನ್ನ ಮತ ‘ಜನಾಂಗಹತ್ಯೆ’ಗೆ. ಅದರಲ್ಲೂ ತೊಡಕಿದೆ. ಕನ್ನಡದಲ್ಲಿ ಜನಾಂಗ ಎಂದರೆ ಜಾತಿಯೂ ಹೌದು, ಬುಡಕಟ್ಟೂ ಹೌದು, ‘ಯುವಜನಾಂಗ’ ಎಂದಾಗ ತಲೆಮಾರೂ ಹೌದು. ಧರ್ಮದ ಗುಂಪು ಅದರೊಳಗೆ ತಟ್ಟನೆ ಕಾಣುವುದಿಲ್ಲ. ಪರವಾಗಿಲ್ಲ, ಆ ತೊಡಕನ್ನು ತರಗತಿಯಲ್ಲೇ ಬಿಡಿಸೋಣ, ಅದೇ ಒಂದು ಪಾಠ. ಅದಕ್ಕಿಂತ ಮುಖ್ಯ ಎರಡನೇ ಅರ್ಧ. ಹತ್ಯೆ ಎಂದ ಕೂಡಲೇ ಕನ್ನಡಿಗ ಕೇಳುವ ಮೊದಲ ಪ್ರಶ್ನೆ ‘ಮಾಡಿದವನು ಯಾರು?’

ಕೆಲಸ ದೊಡ್ಡದೇನಲ್ಲ. ಒಡಂಬಡಿಕೆಯಲ್ಲಿರುವುದು 19 ವಿಧಿ, ಒಂದು ಪೀರಿಯಡ್‌ನಲ್ಲಿ ಓದಿ ಮುಗಿಸಬಹುದು. ಶಿಕ್ಷಕರು ಅಕಾಯೆಸುವಿನ ತೀರ್ಪಿನಲ್ಲಿ ಪದಗಳ ಬಗ್ಗೆ ಇರುವ ಭಾಗವನ್ನು ಭಾಷಾಪಾಠವಾಗಿಯೇ ಮಾಡಬಹುದು. ವಿದ್ಯಾರ್ಥಿಗಳು ಒಂದು ವಾರದ ಪತ್ರಿಕೆ ಹಿಡಿದು ‘ಗಲಭೆ’, ‘ಘರ್ಷಣೆ’, ‘ಮಾರಣಹೋಮ’, ‘ನುಸುಳುಕೋರರು’ ಎಂಬ ಪದಗಳು ಯಾರಿಗೆ ಅಂಟುತ್ತವೆ, ವಾಕ್ಯದಲ್ಲಿ ಕರ್ತೃಪದ ಇದೆಯೇ ಎಂದು ಗುರುತು ಹಾಕಬಹುದು. ‘ಮನೆಗಳಿಗೆ ಬೆಂಕಿ ಬಿತ್ತು’ ಎಂಬುದಕ್ಕೂ ‘ಮನೆಗಳಿಗೆ ಬೆಂಕಿ ಇಟ್ಟರು’ ಎಂಬುದಕ್ಕೂ ಇರುವ ವ್ಯತ್ಯಾಸ ಏಳನೇ ತರಗತಿಯ ವ್ಯಾಕರಣ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ನಾವೆಲ್ಲ ಬೇರೆಯವರ ಊರಲ್ಲಿ ಅಲ್ಪಸಂಖ್ಯಾತರಾಗಿ ಇರುವವರು. ‘ಹೊರಗಿನವರು’ ಎಂಬ ಪದದ ತೂಕ ನಮಗೆ ಗೊತ್ತು. ರಾಜ್ಯೋತ್ಸವಕ್ಕೆ ಸಭಾಂಗಣ ಹಿಡಿಯುವ ನಮಗೆ ಡಿಸೆಂಬರ್‌ನಲ್ಲಿ ಒಂದು ಸಂಜೆ ಇಪ್ಪತ್ತು ಕುರ್ಚಿ ಹಾಕುವುದು ಕಷ್ಟವಲ್ಲ. ಡಿಸೆಂಬರ್ 10ರ ಮಾನವ ಹಕ್ಕುಗಳ ದಿನ ಪ್ರತಿಜ್ಞೆ ಓದಿಸಿ ಮುಗಿಸುವ ಶಾಲೆಗಳು ಅದರ ಹಿಂದಿನ ದಿನ ಒಡಂಬಡಿಕೆಯ ಎರಡನೇ ವಿಧಿಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಲಿ. ಆಮೇಲೆ ಐದನೇ ವಿಧಿ ಓದಿಸಿ, ನಮ್ಮ ದೇಶದ ಕಾನೂನು ಎಲ್ಲಿ ಎಂದು ಒಂದು ಮಗುವಾದರೂ ಕೇಳುವಂತೆ ಮಾಡಲಿ. ಆ ಪ್ರಶ್ನೆಯನ್ನು ನಾವು ಸಂಸದರ ಮನೆ ಬಾಗಿಲಿಗೆ ಒಯ್ಯೋಣ. ಪಾರಿವಾಳಕ್ಕೆ ಆಮೇಲೆ ಬಣ್ಣ ತುಂಬಿದರಾಯಿತು.